ಹುಣಸೆ ಮರದ ನಡುಭಾಗ

ಸೊಲ್ಲಾಪುರದ ಆ ಕಚೇರಿಗೆ ನಾನು ಮೊದಲ ಸಲ ಹೋದಾಗ ಎಲ್ಲರೂ ಕೈಯಲ್ಲಿ ಫ್ಲಾಪಿ ಹಿಡಿದು ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡುತ್ತಿದ್ದರು. ಇದ್ದದ್ದು ಮೂರು ಕಂಪ್ಯೂಟರು, ಒಂದು ಪ್ರಿಂಟರು. ಇಲ್ಲಿ ಬರೆದ ಚಿತ್ರವನ್ನು ಅಲ್ಲಿಗೆ ಒಯ್ಯಬೇಕು, ಅಲ್ಲಿ ತಿದ್ದಿದ್ದನ್ನು ಪ್ರಿಂಟರ್ ಇದ್ದ ಕೋಣೆಗೆ ಒಯ್ಯಬೇಕು. ಚಿತ್ರ ದೊಡ್ಡದಾದರೆ ಒಂದು ಫ್ಲಾಪಿಯಲ್ಲಿ ಹಿಡಿಯುತ್ತಿರಲಿಲ್ಲ. ಅದನ್ನು ತುಂಡು ಮಾಡಿ ಹಲವು ಫ್ಲಾಪಿಗಳಲ್ಲಿ ತುಂಬಿ, ಆ ಕಡೆ ಮತ್ತೆ ಜೋಡಿಸಬೇಕಾಗಿತ್ತು. ನಡುವಿನ ಒಂದು ಫ್ಲಾಪಿ ಕೆಟ್ಟರೂ ಮೊದಲಿನಿಂದ ಶುರು.

ಕಚೇರಿ ಎಂದರೆ ಒಂದು ಹಳೆಯ ಮನೆಯ ಮುಂಭಾಗ. ಹಿಂದೆ ಅಂಗಳ, ಅಂಗಳದಾಚೆ ಅಡುಗೆಮನೆ. ಚಾದರ, ಟವೆಲ್ಲು, ಗೋಡೆಗೆ ತೂಗುಹಾಕುವ ಚಿತ್ರದ ಬಟ್ಟೆ, ಇವುಗಳಿಗೆ ನಕ್ಷೆ ಬರೆದು ಕೊಡುವುದು ಅವರ ಕೆಲಸ. ಮಗ್ಗದಲ್ಲಿ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೇ ಇರಬೇಕು ಎಂಬುದನ್ನು ಚೌಕಳಿ ಕಾಗದದ ಒಂದೊಂದೇ ಮನೆ ತುಂಬಿ ತೋರಿಸಬೇಕು. ಬಣ್ಣಕ್ಕೊಂದು ಗುರುತು: ಒಂದಕ್ಕೆ ಚುಕ್ಕಿ, ಒಂದಕ್ಕೆ ಅಡ್ಡಗೀರು, ಒಂದಕ್ಕೆ ಪೂರ್ತಿ ಕಪ್ಪು. ಆ ಕಾಗದ ನೋಡಿ ಬೇರೆಯವರು ರಟ್ಟಿಗೆ ತೂತು ಹೊಡೆಯುತ್ತಾರೆ. ರಟ್ಟಿನ ತೂತಿನಂತೆ ಮಗ್ಗ ನೇಯುತ್ತದೆ.

ಯಜಮಾನರನ್ನು ಮಗ್ಗದವರೆಲ್ಲ ಮಾಸ್ತರ ಎಂದು ಕರೆಯುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ನಕ್ಷೆಯನ್ನು ಕೈಯಿಂದ ಕಾಗದದ ಮೇಲೆ ಬರೆಯುತ್ತಿದ್ದ ಕಾಲದಲ್ಲಿ ಹೆಸರು ಮಾಡಿದವರು, ಅದು ತಮಗೆ ಗೊತ್ತಿದ್ದವರು, ಗೊತ್ತಿದೆಯೆಂದು ಇತರರಿಗೆ ತಿಳಿಸಲು ಹಿಂಜರಿಯದವರು. ಮಗ ನೂಲಿನ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದ. ಕಚೇರಿಯಲ್ಲಿ ಮಾಸ್ತರರ ಜೊತೆಗಿದ್ದವರು ಇಬ್ಬರೇ: ಅವರ ಸೊಸೆ, ಮತ್ತು ಹೋಟಗಿಯಿಂದ ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದ ಒಬ್ಬ ಹಿರಿಯ ನಕ್ಷೆಗಾರ. ಸೊಸೆಯ ತವರು ಅಕ್ಕಲಕೋಟೆ. ಮದುವೆಗೆ ಮುಂಚೆ ಅಲ್ಲಿಯ ನನ್ನ ಕಂಪ್ಯೂಟರ್ ತರಗತಿಗೆ ಬಂದಿದ್ದವಳು. ಅವಳು ಹೇಳಿಕಳಿಸಿದ್ದರಿಂದ ನಾನು ಅಲ್ಲಿಗೆ ಹೋದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಮಾಸಪತ್ರಿಕೆಯ ಜೊತೆ ಬಂದ ಸಿಡಿಯಿಂದ ಲಿನಕ್ಸ್ ಹಾಕಿ ಒಂದು ಹಳೆಯ ಯಂತ್ರವನ್ನೇ ಸರ್ವರ್ ಮಾಡಬಹುದೆಂದು ನಾನು ಓದಿ ತಿಳಿದಿದ್ದೆ. ನನ್ನ ತರಗತಿಯಲ್ಲಿ ಒಮ್ಮೆ ಮಾಡಿ ನೋಡಿದ್ದೆ. ಅವರ ಅಟ್ಟದ ಮೇಲೆ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ಇಳಿಸಿ, ಧೂಳು ಊದಿ, ಹೊಸ ಡಿಸ್ಕು ಕೂಡಿಸಿದೆ. ಗೋಡೆಯ ಬದಿಯಿಂದ ಕಪ್ಪು ತಂತಿ ಎಳೆದು ಮೂರೂ ಯಂತ್ರಗಳನ್ನು ಅದಕ್ಕೆ ಸೇರಿಸಿದೆ. ಪ್ರಿಂಟರನ್ನೂ ಅದಕ್ಕೇ ಕೊಟ್ಟೆ. ಇನ್ನು ಯಾರೂ ಎದ್ದು ಓಡಾಡಬೇಕಾಗಿಲ್ಲ. ಎಲ್ಲರ ಕೆಲಸ ಒಂದೇ ಕಡೆ ಇರುತ್ತದೆ, ಯಾರು ಎಲ್ಲಿಂದ ಛಾಪಿಸಲು ಹೇಳಿದರೂ ಅದು ಸರದಿಯಂತೆ ಛಾಪಿಸುತ್ತದೆ.

ಮಾಸ್ತರರು ಬಂದು ಅದರ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು.

“ಏ ಅಕ್ಕಲಕೋಟ,” ಎಂದರು. ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. “ಇದಕ್ಕ ಮಾರೀನs ಇಲ್ಲಲ್ಲ?”

“ಪರದೆ ಬೇಕಾಗೂದಿಲ್ರಿ ಇದಕ್ಕ.”

“ಏನ ಕೆಲಸ ಮಾಡ್ತದ?”

“ಎಲ್ಲಾರ ಕೆಲಸ ಇಟ್ಕೊಂಡು ಕೂಡ್ತದ್ರಿ. ಕೇಳಿದವರಿಗೆ ತಗದು ಕೊಡ್ತದ.”

“ತಾ ಸ್ವಂತಾ ಏನ ಮಾಡೂದಿಲ್ಲ?”

“ಇಲ್ರಿ.”

“ಹಂಗಾದ್ರ ನನ್ನಂಗs ಅಂತ ಅನ್ನು.”

ಹೋಟಗಿಯವರು ನಕ್ಕರು. ಸೊಸೆ ನಗಲಿಲ್ಲ. ಯಾಕೆಂದು ಆಮೇಲೆ ತಿಳಿಯಿತು. ಮಾಸ್ತರರಿಗೆ ಕಾಚಬಿಂದು. ಕಣ್ಣಿನೊಳಗಿನ ಒತ್ತಡ ಏರಿ, ನೋಟವು ಅಂಚಿನಿಂದ ಒಳಕ್ಕೆ ಕಿರಿದಾಗುತ್ತ ಹೋಗುವ ರೋಗ ಅದು. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನಲ್ಲಿ, ಅವರೇ ಹೇಳುತ್ತಿದ್ದಂತೆ, ಒಂದು ಬಳೆಯೊಳಗಿಂದ ಕಂಡಷ್ಟು ಕಾಣುತ್ತಿತ್ತು. ಕಂಪ್ಯೂಟರಿನ ಪರದೆ ಅವರಿಗೆ ಬರೀ ಉರಿಯುವ ಬೆಳಕು. ಬಿಳಿ ಕಾಗದದ ಮೇಲೆ ಕಪ್ಪಾಗಿ ಮೂಡಿದ್ದನ್ನು ಅಂಗಳದ ಬಿಸಿಲಿನಲ್ಲಿ ಹರಡಿದರೆ ಮಾತ್ರ ತುಂಡು ತುಂಡಾಗಿ ನೋಡಬಲ್ಲವರಾಗಿದ್ದರು. ಮಿರಜಿನಲ್ಲಿ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು, ದಸರೆಯ ಮರುದಿನ ಬೆಳಗಿನ ಗಾಡಿಗೆ ಹೊರಡಬೇಕಿತ್ತು. ವೈದ್ಯರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಇದ್ದಷ್ಟು ನೋಟ ಉಳಿಯಬಹುದು, ಅದೂ ಹೋಗಬಹುದು ಎಂದಿದ್ದರು.

ಅದಕ್ಕೆ ಮುಂಚೆ ಅವರು ಒಂದು ನಕ್ಷೆಯನ್ನು ಪೂರ್ತಿಯಾಗಿ ತಮ್ಮ ಕಣ್ಣಿಂದ ನೋಡಿ ತಿದ್ದಬೇಕೆಂದಿದ್ದರು. ಅದು ಗೋಡೆಯ ಮೇಲೆ ತೂಗುವ ದೊಡ್ಡ ಬಟ್ಟೆಯ ನಕ್ಷೆ. ತಡವಳದಲ್ಲಿ ಅವರ ಅಜ್ಜಿಯ ಮನೆಯ ಬಾವಿಯ ಪಕ್ಕ ಇದ್ದ ಒಂದು ಹುಣಸೆ ಮರ. ಕೆಳಗೆ ನೆರಳಿಗೆ ಸೇರಿದ ಆಡುಗಳು, ತುದಿಯಲ್ಲಿ ಇಳಿಯುತ್ತಿರುವ ಗಿಳಿಗಳು, ನಡುವೆ ಒಂದರೊಳಗೊಂದು ಹೊಕ್ಕ ಕೊಂಬೆಗಳು. ಕೆಳಗಿನ ಭಾಗವನ್ನೂ ಮೇಲಿನ ಭಾಗವನ್ನೂ ಹೋಟಗಿಯವರು ಕಂಪ್ಯೂಟರಿಗೆ ತಂದಿದ್ದರು. ನಡುವಿನದು ಸೊಸೆಯ ಪಾಲು. ಇಷ್ಟು ದೊಡ್ಡ ಚಿತ್ರ ಫ್ಲಾಪಿಗಳಲ್ಲಿ ಓಡಾಡಿ ಮುಗಿಯುವಂಥದ್ದಲ್ಲ. ಸರ್ವರ್ ಬೇಕಾದದ್ದು ಅದಕ್ಕೇ.

ಸೊಸೆ ಕೆಲಸ ಮಾಡುವಾಗ ಮಾಸ್ತರರು ಅವಳ ಹಿಂದೆ ಕೂತಿರುತ್ತಿದ್ದರು. ಕಾಣದಿದ್ದರೂ ಕೂತಿರುತ್ತಿದ್ದರು. ಅವಳು ಬಾಯಿಬಿಟ್ಟು ಹೇಳುತ್ತ ಹೋಗಬೇಕು.

“ಮಾವಾರ, ಈ ಕೊಂಬಿ ಹಿಂದ ಮಣ್ಣಿನ ಬಣ್ಣಾ ತೊಗೊಂಡೀನ್ರಿ.”

“ಯಾರನ್ನ ಕೇಳಿ ತೊಗೊಂಡಿ?”

“ನಿಮ್ಮನ್ನs ಕೇಳಾಕತ್ತೀನಲ್ರಿ.”

“ತೊಗೊಂಡ ಮ್ಯಾಲ ಕೇಳೂದು ಕೇಳೂದಲ್ಲ. ತಗಿ ಅದನ್ನ.”

ಅವಳು ತೆಗೆಯುತ್ತಿದ್ದಳು. ಮುಖದಲ್ಲಿ ಬೇಸರ ಕಾಣುತ್ತಿರಲಿಲ್ಲ, ಒಪ್ಪಿಗೆಯೂ ಕಾಣುತ್ತಿರಲಿಲ್ಲ. ನಾನು ಅಲ್ಲಿ ಹೋಗಿ ಬಂದು ಮಾಡುತ್ತಿದ್ದ ಆ ವಾರಗಳಲ್ಲಿ ಅವಳು ಕೇಳದೆ ಒಂದು ಮನೆ ತುಂಬಿದ್ದನ್ನು ಕಾಣಲಿಲ್ಲ.

ಖಂಡೇ ನವಮಿಯ ದಿನ, ಅಂದರೆ ಆಯುಧಪೂಜೆಯಂದು, ನಾನು ಬೆಳಿಗ್ಗೆಯೇ ಬಂದೆ. ಮಧ್ಯಾಹ್ನದ ಪೂಜೆಯೊಳಗೆ ಎಲ್ಲವನ್ನೂ ಛಾಪಿಸಿ ಮುಗಿಸುವುದು, ಮರುದಿನ ದಸರೆಯ ಬಿಸಿಲಿನಲ್ಲಿ ಮಾಸ್ತರರು ನೋಡುವುದು ಎಂದು ಗೊತ್ತುಮಾಡಿಕೊಂಡಿದ್ದೆವು. ಪೂಜೆಗಿಟ್ಟ ಹತ್ಯಾರನ್ನು, ಎಂದರೆ ದುಡಿಮೆಯ ಸಲಕರಣೆಗಳನ್ನು, ಮರುದಿನ ಸಂಜೆ ಬನ್ನಿ ಮುಡಿದ ಮೇಲೆಯೇ ಮುಟ್ಟುವುದು ಆ ಮನೆಯ ಪದ್ಧತಿ. ಮಗ್ಗ ಇಟ್ಟುಕೊಂಡಿದ್ದ ಕಾಲದಿಂದಲೂ ಹಾಗೆಯೇ. ವರ್ಷವಿಡೀ ದುಡಿದದ್ದಕ್ಕೆ ಆ ಒಂದು ದಿನದ ವಿಶ್ರಾಂತಿಯನ್ನು ಯಾರೂ ಕಸಿಯಬಾರದು.

ಸೊಸೆಗೆ ಕೊನೆಯ ಕೊಂಬೆಗಳು ಉಳಿದಿದ್ದವು. ಪ್ರಿಂಟರಿನ ರಿಬ್ಬನ್ನು ಮಸುಕಾಗಿತ್ತು. ಮಾಸ್ತರರಿಗೆ ಕಾಣಬೇಕೆಂದರೆ ಕಪ್ಪು ಕಡುವಾಗಿರಬೇಕು. ಹೊಸ ರಿಬ್ಬನ್ ತರಲು ನಾನು ಪೇಟೆಗೆ ಹೋದೆ. ಹಬ್ಬದ ಜನಸಂದಣಿ, ಚೆಂಡುಹೂವಿನ ರಾಶಿಗಳ ನಡುವೆ ದಾರಿ ಬಿಡಿಸಿಕೊಂಡು ಬರುವುದು ತಡವಾಯಿತು. ಮರಳಿ ಬಾಗಿಲಲ್ಲಿ ನಿಂತಾಗ ಮೊದಲು ತಿಳಿದದ್ದು ಸದ್ದಿಲ್ಲದಿರುವುದು. ಫ್ಯಾನಿನ ಸದ್ದಿಲ್ಲ, ಯಂತ್ರಗಳ ಗುಂಯ್‌ ಇಲ್ಲ. ಊದುಬತ್ತಿಯ ವಾಸನೆ ಇತ್ತು. ಮೂರೂ ಪರದೆಗಳು ಕಪ್ಪಾಗಿದ್ದವು. ಸರ್ವರನ್ನು ಒಂದು ಮಣೆಯ ಮೇಲೆ ಕೂಡಿಸಿ, ಹಣೆ ಇರಬೇಕಾದಲ್ಲಿ ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದ್ದರು. ಸೊಸೆ ತನ್ನ ಕುರ್ಚಿಯಲ್ಲಿ ಇನ್ನೂ ಮೌಸಿನ ಮೇಲೆ ಕೈಯಿಟ್ಟು ಕೂತಿದ್ದಳು.

ಮಾಸ್ತರರ ಹೆಂಡತಿ, ನಾವೆಲ್ಲ ಅಮ್ಮಾರು ಎನ್ನುತ್ತಿದ್ದವರು, ಆರತಿ ತಟ್ಟೆ ಹಿಡಿದು ನಿಂತಿದ್ದರು.

“ಬರ್ರಿ ಸರ, ಆರತಿ ತೊಗೋರ್ರಿ. ಹೊತ್ತು ಮೀರಾಕತ್ತಿತ್ತು, ಮೇನ್ ಬಂದ್ ಮಾಡಿಸಿದೆ. ತನ್ನ ಪೂಜಿ ನಡದಾಗ ದುಡ್ಯಾಕತ್ತಿದ್ರ ಛಲೋ ಕಾಣ್ತದೇನ್ರಿ?”

“ಬ್ಯಾಟರಿ ಡಬ್ಬಿ ಇತ್ತಲ್ರಿ ಅಮ್ಮಾರ? ಕರೆಂಟ ಹೋದ್ರೂ ಸರ್ವರ್ ನಡೀಬೇಕಿತ್ತು.”

“ಅದು ಪೀಂ ಪೀಂ ಅಂತ ಅಳಾಕತ್ತಿತ್ರಿ. ಹಬ್ಬದಾಗ ಅಳಸೂದು ಬ್ಯಾಡಂತ ಗುಂಡಿ ಒತ್ತಿ ಮಲಗಿಸಿದೆ.”

ಅವರು ಅದನ್ನು ಹೇಳಿದ ರೀತಿ ನನಗೆ ಇನ್ನೂ ನೆನಪಿದೆ. ಒಂದು ಕೂಸನ್ನು ತೊಟ್ಟಿಲಿಗೆ ಹಾಕಿ ಬಂದವರ ದನಿ ಅದು. ಸೊಸೆ ತಿರುಗಿ ನನ್ನನ್ನು ನೋಡಿದಳು.

“ಸೇವ್ ಮಾಡಾಕತ್ತಿದ್ದೆ ಸರ,” ಎಂದಳು. “ಆಗಿತ್ತೋ ಇಲ್ಲೋ ಗೊತ್ತಿಲ್ಲ.”

ಅಮ್ಮಾರ ಕೈಯ ತಟ್ಟೆ ಸ್ವಲ್ಪ ವಾಲಿತು. ಏನಾಗಿದೆಯೆಂದು ನಾನು ಹೇಳಬೇಕಾಯಿತು. ಯಂತ್ರವನ್ನು ಹೀಗೆ ತಟ್ಟನೆ ನಿಲ್ಲಿಸಿದರೆ ಆ ಕ್ಷಣ ಬರೆಯುತ್ತಿದ್ದದ್ದು ಅರ್ಧಕ್ಕೆ ನಿಲ್ಲಬಹುದು, ಚಾಲೂ ಮಾಡಿ ನೋಡದೆ ಏನೂ ಹೇಳಲಾಗದು ಎಂದೆ. ಮೇಲಿನ ಕೆಳಗಿನ ಭಾಗಗಳೂ ಇನ್ನೂ ಛಾಪಾಗಿರಲಿಲ್ಲ.

ಬಾಗಿಲ ಬಳಿ ಕೂತಿದ್ದ ಮಾಸ್ತರರು ಎಲ್ಲವನ್ನೂ ಕೇಳಿದರು.

“ಪೂಜಿ ಆತಲ್ಲ?” ಎಂದರು.

“ಆತ್ರಿ,” ಎಂದರು ಅಮ್ಮಾರು.

“ಮತ್ತ ಏನದ ಮಾತು? ಇನ್ನ ನಾಳಿ ಸಂಜೀಗೆ.”

“ಮಾವಾರ,” ಎಂದಳು ಸೊಸೆ, “ನಾಳಿ ಸಂಜಿ ಅಂದ್ರ ಬಿಸಲು ಎಲ್ಲಿರ್ತದರಿ?”

“ಬಿಸಲು ನನ್ನ ಕೇಳಿ ಮುಳಗೂದಿಲ್ಲ.”

ಹೋಟಗಿಯವರಿಗೆ ತಡೆಯಲಾಗಲಿಲ್ಲ. “ಅರೇ ಮಾಸ್ತರ, ಕಾಂಪ್ಯೂಟರಕ್ಕ ಏನ ಗೊತ್ರಿ ಖಂಡೇ ಪೂಜಿ?”

“ಅದಕ್ಕ ಗೊತ್ತಿರಬೇಕಾಗಿಲ್ಲ. ನನಗ ಗೊತ್ತದ.”

ಅಮ್ಮಾರು ಎಲ್ಲರಿಗೂ ಪ್ರಸಾದ ಕೊಟ್ಟರು. ನಾನು ಕೊನೆಯ ಬಸ್ಸಿಗೆ ಕಾಯದೆ ಅಕ್ಕಲಕೋಟೆಗೆ ಹೊರಟೆ. ಕಿಟಕಿಯಾಚೆ ಒಣ ಹೊಲಗಳು ಹಿಂದಕ್ಕೆ ಹೋಗುತ್ತಿದ್ದವು. ಒಂದೇ ದಿನದ ಬಿಸಿಲು ಉಳಿದಿರುವ ಮನುಷ್ಯನೊಬ್ಬ ಅದನ್ನು ಒಂದು ಕಟ್ಟಳೆಗೆ ಬಿಟ್ಟುಕೊಟ್ಟದ್ದನ್ನು ನಾನು ಕಂಡಿದ್ದೆ. ಅದು ಹಟವೋ ಭಕ್ತಿಯೋ ನನಗೆ ತಿಳಿಯಲಿಲ್ಲ. ಇಂದಿಗೂ ಪೂರ್ತಿ ತಿಳಿದಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಹೋದೆ. ಕರೆದಿರಲಿಲ್ಲ. ಮನೆಯಲ್ಲಿ ಕೂರಲಾಗಲಿಲ್ಲ, ಅಷ್ಟೆ. ಹೋಟಗಿಯವರೂ ರಜೆಯ ದಿನ ರೈಲು ಹತ್ತಿ ಬಂದಿದ್ದರು. ಮಾಸ್ತರರು ಅಂಗಳದಲ್ಲಿ ಕೂತಿದ್ದರು. ಸೊಸೆ ಬಾಗಿಲಿಗೆ ತೋರಣ ಕಟ್ಟುತ್ತಿದ್ದಳು. ಅಮ್ಮಾರು ಮನೆಯಲ್ಲಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವರು ಹೊರಗಿನಿಂದ ಬಂದರು. ಸೆರಗಿನಲ್ಲಿ ಬನ್ನಿ ಸೊಪ್ಪಿತ್ತು. ಚಪ್ಪಲಿ ಕಳಚಿ, ಕಾಲು ತೊಳೆದು, ನಮ್ಮ ಯಾರ ಕಡೆಗೂ ನೋಡದೆ ನೇರವಾಗಿ ಸರ್ವರಿನ ಮುಂದೆ ಹೋಗಿ ನಿಂತರು. ನಾಲ್ಕು ಎಲೆ ಅದರ ಮೇಲಿಟ್ಟು ಕೈಮುಗಿದರು.

“ಬಂಗಾರ ತೊಗೊಂಡು ಬಂಗಾರದಂಗ ಇರಪಾ,” ಎಂದರು. ಬನ್ನಿ ಕೊಡುವಾಗ ಎಲ್ಲರೂ ಎಲ್ಲರಿಗೂ ಹೇಳುವ ಮಾತು ಅದು. ಆಮೇಲೆ ಅಂಗಳಕ್ಕೆ ಬಂದು ಗಂಡನ ಮುಂದೆ ಕೈ ಚಾಚಿದರು. “ಹಿಡೀರಿ.”

ಮಾಸ್ತರರು ಎಲೆಯನ್ನು ಬೆರಳಿನಿಂದ ಗುರುತಿಸಿದರು. “ಇದೇನ, ಮುಂಜಾನಿ?”

“ಬನ್ನಿ ಗಿಡ ಮುಂಜಾನೀನೂ ಅಲ್ಲೇ ನಿಂತಿತ್ತು. ಸಂಜೀಗೆ ಬಾ ಅಂತ ಏನ ಹೇಳಲಿಲ್ಲ.”

“ಮಂದಿ ನಗ್ತಾರ.”

“ನಗಲಿ. ಹಬ್ಬದಾಗ ನಗೂದು ಛಲೋನs.”

“ನಮ್ಮಪ್ಪ ಇದ್ದಾಗಿಂದ—”

“ನಿಮ್ಮಪ್ಪಾರು ಇದ್ದಿದ್ರ ಅವರೇ ಗಿಡದ ಮಟಾ ಬರ್ತಿದ್ರು. ನಿನ್ನಿ ಮಲಗಿಸಿದಾಕಿ ನಾನು. ಎಬ್ಬಸಾಕೂ ನಾನs ಹೇಳ್ತೀನಿ. ನಿಮ್ಮ ಪದ್ಧತಿ ನಿಮ್ಮ ಕೈಯಾಗಷ್ಟs ಇಲ್ಲ, ನನ್ನ ಕೈಯಾಗೂ ಅದ. ನಲವತ್ತ ವರ್ಷ ಆರತಿ ಹಿಡದಾಕಿ ಯಾರು?”

ಮಾಸ್ತರರು ಎಲೆಯನ್ನು ಬಲಗಣ್ಣಿಗೆ ಒತ್ತಿಕೊಂಡರು. ಎಷ್ಟೋ ಹೊತ್ತು ಹಾಗೇ ಹಿಡಿದಿದ್ದರು. ಆಮೇಲೆ ನನ್ನ ಕಡೆ ಮುಖ ಮಾಡಿ, “ಏ ಅಕ್ಕಲಕೋಟ, ಬನ್ನಿ ಕೊಟ್ಟು ಕಾಲು ಹಿಡಿಯೂದಿದ್ರ ಲಗೂ ಹಿಡಿ, ಇಲ್ಲಾಂದ್ರ ಹೋಗಿ ಚಾಲೂ ಮಾಡು,” ಎಂದರು.

ನಾನು ಎರಡನ್ನೂ ಮಾಡಿದೆ.

ಗುಂಡಿ ಒತ್ತಿದೆ. ಹಾಗೆ ಅಡ್ಡಾದಿಡ್ಡಿ ನಿಂತ ಯಂತ್ರ ಏಳುವಾಗ ಮೊದಲು ತನ್ನ ಡಿಸ್ಕನ್ನೆಲ್ಲ ಒಮ್ಮೆ ತಡಕಿ ನೋಡುತ್ತದೆ. ಅದಕ್ಕೆ ಒಂದು ಪರದೆ ಜೋಡಿಸಿ, ಒಂದೊಂದೇ ಸಾಲು ಮೂಡುವುದನ್ನು ನೋಡುತ್ತ ನಿಂತೆ. ಅಮ್ಮಾರು ನನ್ನ ಪಕ್ಕದಿಂದ ಕದಲಲಿಲ್ಲ. ಆಡುಗಳು ಇದ್ದವು. ಗಿಳಿಗಳು ಇದ್ದವು. ನಡುವಿನ ಭಾಗದ ಹೆಸರು ಇತ್ತು, ಒಳಗೆ ಏನೂ ಇರಲಿಲ್ಲ: ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ನಡುವೆಯೇ ಯಂತ್ರ ನಿಂತಿತ್ತು. ಪ್ರತಿ ಶನಿವಾರ ಎಲ್ಲವನ್ನೂ ಇನ್ನೊಂದು ಯಂತ್ರಕ್ಕೆ ನಕಲು ಮಾಡುವ ಏರ್ಪಾಡು ಮಾಡಿದ್ದೆ. ಆ ನಕಲಿನಲ್ಲಿ ಮರದ ಕಾಂಡದ ಹೊರಗೆರೆ ಮಾತ್ರ ಇತ್ತು. ಕೊಂಬೆಗಳನ್ನೆಲ್ಲ ಸೊಸೆ ಆ ಶನಿವಾರದ ನಂತರ ಬರೆದಿದ್ದಳು.

ಸೊಸೆ ಪರದೆಯನ್ನು ನೋಡಿದಳು. ನಾನು ಹೇಳಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿ ತಾನೇ ಅಂಗಳಕ್ಕೆ ಹೋದಳು.

“ಮಾವಾರ, ನಡುವಿನದು ಹೋಗೇದ್ರಿ. ಬೊಡ್ಡಿ ಒಂದs ಉಳದದ.”

ಅವರು ಅತ್ತೆಯನ್ನು ಬೈಯುತ್ತಾರೆಂದು ಅವಳು ಹೆದರಿದ್ದಳೆಂದು ಆಮೇಲೆ ಹೇಳಿದಳು. ನಾನೂ ಹಾಗೆಯೇ ಹೆದರಿದ್ದೆ. ಅಮ್ಮಾರು ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದರು.

“ಬಿಸಲು ಎಲ್ಲೀ ಮಟಾ ಬಂದದ?” ಎಂದು ಮಾಸ್ತರರು ಕೇಳಿದರು.

“ತುಳಸಿ ಕಟ್ಟಿ ದಾಟೇದ್ರಿ.”

“ಹಂಗಾದ್ರ ಇದ್ದದ್ದು ಛಾಪಿಸ್ರಿ. ಹೋದದ್ದಕ್ಕ ಬಿಸಲು ಹಾಳು ಮಾಡೂದು ಬ್ಯಾಡ.”

ಈ ಒಂದು ಮಾತನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ದೊಡ್ಡ ಮಾತಾಗಿ ಅವರು ಅದನ್ನು ಆಡಲಿಲ್ಲ. ಮಳೆ ಬರುವ ಮೊದಲು ಒಣಹಾಕಿದ್ದನ್ನು ಒಳಗೆ ತನ್ನಿ ಎನ್ನುವವರಂತೆ ಆಡಿದರು.

ಪ್ರಿಂಟರು ಶುರುವಾಯಿತು. ಎರಡೂ ಅಂಚಿಗೆ ತೂತಿರುವ ಉದ್ದನೆಯ ಕಾಗದ ಕಿರ್ರೆನ್ನುತ್ತ ಹೊರಬರತೊಡಗಿತು. ಒಂದು ಪಟ್ಟಿ ಮುಗಿದ ಕೂಡಲೇ ಇನ್ನೊಂದು, ಸರದಿ ತಪ್ಪದೆ. ಹೋಟಗಿಯವರು ಅಂಚು ಹರಿದು ಕೊಟ್ಟರು, ಸೊಸೆ ಪಟ್ಟಿಗೆ ಪಟ್ಟಿ ಅಂಟಿಸಿದಳು, ಅಮ್ಮಾರು ಗಾಳಿಗೆ ಹಾರದಂತೆ ಸುತ್ತಲೂ ಪಾತ್ರೆ ಇಟ್ಟರು. ತಂಬಿಗೆ, ಕಡಗೋಲು, ಒಳಕಲ್ಲಿನ ಗುಂಡು, ಕೈಗೆ ಸಿಕ್ಕಿದ್ದೆಲ್ಲ. ಅಂಗಳದ ತುಂಬ ಮರ ಮಲಗಿತು. ಮೇಲೆ ಗಿಳಿ, ಕೆಳಗೆ ಆಡು, ನಡುವೆ ಬರೀ ಕಾಂಡದ ಎರಡು ಗೆರೆ, ಅದರ ಸುತ್ತ ಖಾಲಿ ಬಿಳುಪು.

ಮಾಸ್ತರರು ಧೋತರದ ಅಂಚು ಮೇಲೆ ಸಿಕ್ಕಿಸಿ, ಮಂಡಿಯೂರಿ ಕಾಗದದ ಮೇಲೇ ಇಳಿದರು. ಪೆನ್ಸಿಲು ಹಿಡಿದು, ಮುಖವನ್ನು ಒಂದು ಗೇಣಿನಷ್ಟು ಹತ್ತಿರ ತಂದು, ಆಡುಗಳಿಂದ ಶುರು ಮಾಡಿದರು. ಒಂದು ತುಂಡು ನೋಡುವುದು, ಸರಿಯುವುದು, ಮತ್ತೊಂದು ತುಂಡು. ಅಷ್ಟು ಸಣ್ಣ ಕಿಂಡಿಯಿಂದ ಅಷ್ಟು ದೊಡ್ಡ ಮರವನ್ನು ಅವರು ಹೇಗೆ ತಲೆಯಲ್ಲಿ ಕೂಡಿಸಿಕೊಳ್ಳುತ್ತಿದ್ದರೋ ನನಗೆ ತಿಳಿಯದು.

“ಈ ಆಡಿನ ಕಿವಿ ಯಾರ ಬರದಾರ?”

“ನಾನ್ರಿ,” ಎಂದರು ಹೋಟಗಿಯವರು.

“ಆಡು ನೋಡೀರೋ ಇಲ್ಲೋ? ಇದು ಒದರೂ ಕತ್ತಿ ಕಿವಿ.”

“ಹೋಟಗ್ಯಾಗ ಆಡಿನಕಿಂತ ಕತ್ತೀನ ಭಾಳ ಅವ್ರಿ ಮಾಸ್ತರ.”

“ಅದಕ್ಕs ನಿಮಗ ಅಲ್ಲಿ ಮನಸ್ಸು ಹತ್ತತದ.”

ಎಲ್ಲರೂ ನಕ್ಕೆವು. ಅಮ್ಮಾರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅವರು ಹಿಂದಿನ ದಿನದಿಂದ ಮೊದಲ ಸಲ ನಕ್ಕಿದ್ದು ಆಗ. ಕಿವಿ ತಿದ್ದಿ, ಗಿಳಿಗಳ ಕಡೆಗೆ ಮಾಸ್ತರರು ಸುತ್ತುಹಾಕಿ ಹೋದರು. ಒಂದು ರೆಕ್ಕೆಯ ಅಂಚಿನಲ್ಲಿ ಬಹಳ ಹೊತ್ತು ನಿಂತು, ಏನೂ ತಿದ್ದದೆ ಮುಂದೆ ಹೋದರು. ಹೋಟಗಿಯವರ ಮುಖ ನೋಡಿದೆ. ಅವರಿಗೆ ಅಷ್ಟು ಸಾಕಾಗಿತ್ತು.

ಕೊನೆಗೆ ನಡುವಿನ ಬಿಳುಪಿಗೆ ಬಂದರು. ಬಿಸಿಲು ಆಗಲೇ ಮೂಡಣ ಗೋಡೆಯ ಕಡೆ ಸರಿಯುತ್ತಿತ್ತು. ಕಾಗದದ ಮೇಲೆ ಅಂಗೈ ಊರಿ ಕೂತರು.

“ಇಲ್ಲಿ ಏನೇನ ಮಾಡಿದ್ದಿ?” ಎಂದು ಸೊಸೆಯನ್ನು ಕೇಳಿದರು.

ಅವಳು ಪಕ್ಕದಲ್ಲಿ ಕೂತಳು. “ದೊಡ್ಡ ಕೊಂಬಿ ಎಡಕ್ಕ ಬಾಗಿಸಿದ್ದೆರಿ. ಅದರ ಹಿಂದ ಎರಡು—”

“ಬ್ಯಾಡ, ನಿಲ್ಲಸು. ಹೇಳಿದ್ರ ನಾ ತಪ್ಪ ಹಿಡೀತೀನಿ.”

ಅವಳು ನಿಲ್ಲಿಸಿದಳು.

“ಇದನ್ನ ನೀನs ಮಾಡು. ನನ್ನ ಕೇಳಬ್ಯಾಡ.”

“ನೀವು ಮಿರಜಿಂದ ಬಂದ ಮ್ಯಾಲ ತೋರಸ್ತೀನ್ರಿ.”

“ತೋರಸಬ್ಯಾಡ. ನನಗ ಕಂಡ್ರೂ ತೋರಸಬ್ಯಾಡ, ಕಾಣದಿದ್ರೂ ಹೇಳಬ್ಯಾಡ.”

“ತಪ್ಪಾದ್ರ?”

“ನೇಯ್ದಾಗ ಗೊತ್ತಾಗ್ತದ. ನಂದೂ ಹಂಗs ಗೊತ್ತಾಗಿತ್ತು.” ಆಮೇಲೆ ಅಡುಗೆಮನೆಯ ಕಡೆ ತಿರುಗಿ ದನಿ ಏರಿಸಿದರು. “ಹಬ್ಬದ ದಿನ ಉಪವಾಸ ಕೆಡವೂ ವಿಚಾರ ಅದ ಏನು? ಊಟಕ್ಕ ಬಡಸ್ರಿ.”

ಮರುದಿನ ಅವರು ಮಿರಜಿಗೆ ಹೋದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತೆಂದು ವೈದ್ಯರು ಹೇಳಿದರಂತೆ. ಒತ್ತಡ ಇಳಿಯಿತು. ನೋಟ ಮಾತ್ರ ನೆರಳು ಬೆಳಕು ತಿಳಿಯುವಷ್ಟಕ್ಕೆ ಬಂದು ನಿಂತಿತು. ಅವರು ಅಲ್ಲಿರುವಾಗಲೇ ಅಮ್ಮಾರಿಂದ ನನಗೆ ಬುಲಾವು ಬಂದಿತ್ತು, ಮಗನ ಕೈಲಿ ಫೋನ್ ಮಾಡಿಸಿ. ಯಂತ್ರವನ್ನು ಸರಿಯಾಗಿ ಮಲಗಿಸುವುದು ಹೇಗೆಂದು ತಮಗೆ ಕಲಿಸಬೇಕಂತೆ. ಅವರು ಮಿರಜಿನಿಂದ ಬಂದ ಮೇಲೆ ಹೋಗಿ ಕಲಿಸಿದೆ. ಅಮ್ಮಾರು ಇಂಗ್ಲಿಷ್ ಅಕ್ಷರಗಳನ್ನು ಕೀಲಿಮಣೆಯಲ್ಲಿ ಆಕಾರದಿಂದ ಹುಡುಕಿ ಒಂದೊಂದಾಗಿ ಒತ್ತಿದರು. ಯಂತ್ರ ತಾನಾಗಿ ಸದ್ದಡಗುವವರೆಗೆ ಕೈಕಟ್ಟಿ ಕಾದರು. “ಇಷ್ಟs ಇತ್ತೇನ್ರಿ,” ಎಂದರು. ಬೇರೆ ಯಾರೂ ಅದನ್ನು ಬಂದ್ ಮಾಡಕೂಡದೆಂದು ಅಂದಿನಿಂದ ಕಟ್ಟಪ್ಪಣೆ.

ಅದೇ ಭೇಟಿಯಲ್ಲಿ ನಾನು ಒಂದು ತಂತಿ ಬದಲಿಸುತ್ತ ನೆಲದ ಮೇಲೆ ಕೂತಿದ್ದಾಗ ಸೊಸೆ ಕೆಲಸ ಮಾಡುತ್ತಿದ್ದಳು. ಅವಳ ಹಿಂದಿನ ಕುರ್ಚಿ ಖಾಲಿಯಿತ್ತು. ಮಾಸ್ತರರು ಒಳಕೋಣೆಯ ಮಂಚದ ಮೇಲಿದ್ದರು, ಕರೆದರೆ ಕೇಳಿಸುವಷ್ಟು ಹತ್ತಿರ. ಪರದೆಯ ಮೇಲೆ ಕಾಂಡದಿಂದ ಒಂದು ಕೊಂಬೆ ಹೊರಟಿತ್ತು. ಎಡಕ್ಕಲ್ಲ, ಬಲಕ್ಕೆ. ಅದರ ಹಿಂದೆ ಅವಳು ಮಣ್ಣಿನ ಬಣ್ಣ ತೆಗೆದುಕೊಂಡಳು. ಒಂದು ಮನೆ ತುಂಬಿದಳು. ಬಾಯಿ ತೆರೆದು ಬಾಗಿಲ ಕಡೆ ಅರ್ಧ ತಿರುಗಿದಳು.

ಒಳಗಿನಿಂದ ಕೆಮ್ಮು ಕೇಳಿಸಿತು. ಆಮೇಲೆ ಮಂಚ ಕಿರುಗುಟ್ಟಿತು. ಅವರು ಎಚ್ಚರವಾಗಿದ್ದರು, ಮೌಸಿನ ಟಕಟಕ ನಿಂತದ್ದು ಅವರಿಗೆ ಖಂಡಿತ ತಿಳಿದಿತ್ತು. ಅವರು ಏನನ್ನೂ ಕೇಳಲಿಲ್ಲ.

ಅವಳು ಪರದೆಯ ಕಡೆ ತಿರುಗಿ ಪಕ್ಕದ ಮನೆಯನ್ನೂ ತುಂಬಿದಳು.